ಕುಬೇರರ ರಾಕೆಟ್, ಪಂಚಾಯತಿನ ಕರಾರು

ಕೇಳುಗರಿಗೆ ನಮಸ್ಕಾರ.

ಇಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್‌ನೆಟ್‌ಗೆ ನಮ್ಮ ದೂರಸಂಪರ್ಕ ಇಲಾಖೆ 2025ರ ಜೂನ್‌ನಲ್ಲಿ ಪರವಾನಗಿ ಕೊಟ್ಟಿತು. ಮರುತಿಂಗಳು, ಬಾಹ್ಯಾಕಾಶದಲ್ಲಿ ಖಾಸಗಿಯವರಿಗೆ ಅನುಮತಿ ಕೊಡುವ ಕೇಂದ್ರ ಸರಕಾರದ ಇನ್‌ಸ್ಪೇಸ್ ಸಂಸ್ಥೆಯಿಂದ ಐದು ವರ್ಷದ ಅನುಮತಿಯೂ ಸಿಕ್ಕಿತು. ನಮ್ಮ ಕಾಸರಗೋಡಿನ ದೇಲಂಪಾಡಿ, ಎಣ್ಮಕಜೆ, ವರ್ಕಾಡಿ ಕಡೆಯ ರೇಂಜ್ ಸಿಗದ ಗುಡ್ಡೆಗಳ ಜನ ಇದರ ಮೇಲೆ ಕಣ್ಣಿಟ್ಟಿದ್ದರೆ ಅದು ಸಹಜ. ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದಲ್ಲಿ ಸರ್ವರ್ ಸಿಗದೆ, ರೇಷನ್ ಅಂಗಡಿಯ ಯಂತ್ರದಲ್ಲಿ ಬೆರಳಚ್ಚು ಹೋಗದೆ ದಿನಗೂಲಿ ಕಳೆದುಕೊಂಡವರಿಗೆ ಆಕಾಶದಿಂದ ನೆಟ್ ಬರುವುದು ಸಣ್ಣ ಮಾತಲ್ಲ. ಲೋಕದ ಅತಿ ಸಿರಿವಂತರು ನಡೆಸುವ ಇಂಥ ಸಾಹಸಗಳಿಂದ ಸಾಮಾನ್ಯರಿಗೆ ಪ್ರಯೋಜನ ಉಂಟೇ? ಉಂಟು. ಆದರೆ ಎಷ್ಟು ಉಂಟು ಎಂಬುದು ಕರಾರಿನಲ್ಲಿ ನಾವು ಏನು ಬರೆಸಿಕೊಂಡಿದ್ದೇವೆ ಎಂಬುದರ ಮೇಲೆ ನಿಂತಿದೆ. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಈ ಉಪಗ್ರಹಗಳನ್ನು ಮೇಲಕ್ಕೆ ಒಯ್ಯುವ ರಾಕೆಟ್ಟಿನ ಲೆಕ್ಕ. ಅಮೆರಿಕದ ನಾಸಾ ಹಿಂದೆ ಬಹುಪಾಲು ಕೆಲಸಗಳನ್ನು ಆದ ಖರ್ಚಿನ ಮೇಲೆ ಇಂತಿಷ್ಟು ಲಾಭ ಎಂಬ ಪದ್ಧತಿಯಲ್ಲಿ ಗುತ್ತಿಗೆ ಕೊಡುತ್ತಿತ್ತು. ಕೆಲಸ ಎಳೆದಷ್ಟೂ ಬಿಲ್ಲು ಬೆಳೆಯುತ್ತದೆ, ಗುತ್ತಿಗೆದಾರನಿಗೆ ಅವಸರವಿಲ್ಲ. 2006ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಸಾಗಿಸುವ ವಾಹನಕ್ಕೆ ನಾಸಾ ಬೇರೆ ದಾರಿ ಹಿಡಿಯಿತು. ಹಂತಹಂತವಾಗಿ ಗುರಿ ಗೊತ್ತುಮಾಡಿ, ಹಂತ ಮುಟ್ಟಿದರೆ ಮಾತ್ರ ಹಣ, ಉಳಿದ ಬಂಡವಾಳ ಕಂಪನಿಯೇ ತರಬೇಕು ಎಂದಿತು. ಆಗ ಆಯ್ಕೆಯಾದ ಎರಡು ಕಂಪನಿಗಳಲ್ಲಿ ರಾಕೆಟ್‌ಪ್ಲೇನ್ ಕಿಸ್ಲರ್ ಎಂಬುದು ಬಂಡವಾಳ ಹೊಂದಿಸಲಾರದೆ ಹೋದಾಗ 2007ರಲ್ಲಿ ಅದರ ಕರಾರನ್ನೇ ರದ್ದುಮಾಡಿ ಆ ಹಣವನ್ನು ಬೇರೆ ಕಂಪನಿಗೆ ತಿರುಗಿಸಿದರು. ಉಳಿದುಕೊಂಡದ್ದು ಸ್ಪೇಸ್‌ಎಕ್ಸ್. ಹಳೆಯ ಪದ್ಧತಿಯಲ್ಲಿ ಅದರ ಫಾಲ್ಕನ್-9 ರಾಕೆಟ್ ತಯಾರಿಸಿದ್ದರೆ ಸುಮಾರು 400 ಕೋಟಿ ಡಾಲರ್ ಬೇಕಾಗುತ್ತಿತ್ತೆಂದು ನಾಸಾದವರೇ ಅಂದಾಜು ಹಾಕಿದರು. ಮೊದಲಿನ ಚಿಕ್ಕ ರಾಕೆಟ್ಟಿನ ಖರ್ಚೂ ಸೇರಿ ಕಂಪನಿಗೆ ತಗುಲಿದ್ದು 40 ಕೋಟಿಯ ಆಸುಪಾಸು. ಅದೇ ಹಳೆಯ ಪದ್ಧತಿಯಲ್ಲಿ ಕಟ್ಟಿದ ಎಸ್‌ಎಲ್‌ಎಸ್ ರಾಕೆಟ್ ಮತ್ತು ಒರಾಯನ್ ನೌಕೆಯ ಮೊದಲ ನಾಲ್ಕು ಉಡಾವಣೆಗಳಿಗೆ ತಲಾ 410 ಕೋಟಿ ಡಾಲರ್ ಬೀಳುತ್ತದೆಂದು ನಾಸಾದ ತನಿಖಾಧಿಕಾರಿ 2022ರಲ್ಲಿ ಲೆಕ್ಕ ಕೊಟ್ಟರು. ಇದು ತೆರಿಗೆದಾರನಿಗೆ ಆದ ನಿಜವಾದ ಉಳಿತಾಯ, ಅಲ್ಲಗಳೆಯುವಂತಿಲ್ಲ.

ಫಾಲ್ಕನ್-9 ರಾಕೆಟ್ಟಿನ ಕೆಳಹಂತ ತಿರುಗಿ ಬಂದು ಇಳಿಯುವ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಾರಿ ಸುಮಾರು ಎರಡೂವರೆ ನಿಮಿಷಕ್ಕೆ ಕೆಳಹಂತ ಬೇರ್ಪಡುತ್ತದೆ. ತುದಿಯಲ್ಲಿ ಜಾಲರಿಯಂಥ ನಾಲ್ಕು ರೆಕ್ಕೆಗಳು ಬಿಚ್ಚಿಕೊಂಡು ದಿಕ್ಕು ತಿದ್ದುತ್ತವೆ. ದಟ್ಟ ಗಾಳಿಗೆ ನುಗ್ಗುವ ಮುಂಚೆ ಒಂಬತ್ತು ಎಂಜಿನ್‌ಗಳಲ್ಲಿ ಮೂರು ಉರಿದು ವೇಗ ತಗ್ಗಿಸುತ್ತವೆ. ಕೊನೆಗೆ ನಡುವಿನ ಒಂದೇ ಎಂಜಿನ್. ಖಾಲಿಯಾದ ಹಂತ ಎಷ್ಟು ಹಗುರವೆಂದರೆ ಆ ಒಂದು ಎಂಜಿನ್ನನ್ನು ಎಷ್ಟು ತಗ್ಗಿಸಿದರೂ ಅದರ ತಳ್ಳುವಿಕೆ ರಾಕೆಟ್ಟಿನ ಭಾರವನ್ನು ಮೀರುತ್ತದೆ. ಹಾಗಾಗಿ ಗಾಳಿಯಲ್ಲಿ ತಡೆದು ನಿಲ್ಲಿಸಿ ಮೆಲ್ಲಗೆ ಇಳಿಸಲು ಬರುವುದಿಲ್ಲ. ಕಾಲು ನೆಲ ಮುಟ್ಟುವ ಕ್ಷಣಕ್ಕೇ ವೇಗ ಸೊನ್ನೆಯಾಗಬೇಕು. ಚೂರು ಬೇಗ ಆದರೆ ಮತ್ತೆ ಮೇಲೇಳುತ್ತದೆ, ಚೂರು ತಡವಾದರೆ ಪುಡಿ. 2015ರ ಡಿಸೆಂಬರಿನಲ್ಲಿ ಇದು ಮೊದಲ ಸಲ ಸರಿಯಾಯಿತು. ಅದ್ಭುತವಾದ ಕೆಲಸ, ಮಾಡಿದ ಎಂಜಿನಿಯರುಗಳಿಗೆ ಕೈಮುಗಿಯಬೇಕು.

ಆದರೆ ಇದರ ಬೇರು ಸಾರ್ವಜನಿಕ ಹಣದಲ್ಲಿದೆ. ನೆಟ್ಟಗೆ ಇಳಿಯುವ ರಾಕೆಟ್ಟನ್ನು 1993ರಲ್ಲಿಯೇ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ಡಿಸಿ-ಎಕ್ಸ್ ಎಂಬ ಹೆಸರಿನಲ್ಲಿ ಹಾರಿಸಿ ನೋಡಿದ್ದರು. ನಿಲ್ದಾಣಕ್ಕೆ ಹೋಗಿಬರುವ ಕಂಪನಿಯ ಡ್ರ್ಯಾಗನ್ ನೌಕೆಯ ಶಾಖಕವಚದ ಮೂಲ ವಸ್ತು ನಾಸಾದ ಏಮ್ಸ್ ಕೇಂದ್ರದ್ದು. ಅಪೊಲೊ-11 ಚಂದ್ರನಿಗೆ ಹೊರಟ ಅದೇ ಉಡಾವಣಾ ಕಟ್ಟೆಯನ್ನು ಕಂಪನಿ 2014ರಲ್ಲಿ 20 ವರ್ಷಕ್ಕೆ ಗುತ್ತಿಗೆ ಪಡೆಯಿತು. ಮೂರು ರಾಕೆಟ್ ಸಾಲಾಗಿ ಕೈಕೊಟ್ಟು 2008ರ ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಕಕ್ಷೆ ಸೇರಿದಾಗ ಕಂಪನಿಯ ಕೈ ಬರಿದಾಗಿತ್ತು. ಆ ಡಿಸೆಂಬರಿನಲ್ಲಿ ನಾಸಾ ಕೊಟ್ಟ 160 ಕೋಟಿ ಡಾಲರಿನ, 12 ಪ್ರಯಾಣಗಳ ಗುತ್ತಿಗೆ ಅದನ್ನು ಉಳಿಸಿತು. ಒಬ್ಬನೇ ಸಾಹುಕಾರ ಸ್ವಂತ ಹಣ ಸುರಿದು ಲೋಕೋಪಕಾರ ಮಾಡಿದ ಎಂಬ ಕಥೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಉಳಿತಾಯ ಗಿರಾಕಿಯ ಕೈಗೆ ಬಂತೇ ಎಂದೂ ಕೇಳಬೇಕು. ಒಂದೇ ಕೆಳಹಂತವನ್ನು ಹತ್ತಾರು ಸಲ ಬಳಸತೊಡಗಿದ ಮೇಲೂ 2022ರಲ್ಲಿ ಫಾಲ್ಕನ್-9ರ ಪಟ್ಟಿ ದರ 6.2 ಕೋಟಿ ಡಾಲರಿನಿಂದ 6.7 ಕೋಟಿಗೆ ಏರಿತು. ಎದುರಾಳಿ ಇಲ್ಲದ ಅಂಗಡಿಯಲ್ಲಿ ದರ ಇಳಿಯಲು ಕಾರಣವೇ ಇಲ್ಲ. ಯಾತ್ರಿಗಳನ್ನು ಒಯ್ಯುವ ಕೆಲಸವನ್ನು ನಾಸಾ 2014ರಲ್ಲಿ ಬೋಯಿಂಗ್ ಮತ್ತು ಸ್ಪೇಸ್‌ಎಕ್ಸ್ ಎರಡಕ್ಕೂ ಹಂಚಿದ್ದು ಇದೇ ಕಾರಣಕ್ಕೆ. 2024ರಲ್ಲಿ ಬೋಯಿಂಗ್‌ನ ಸ್ಟಾರ್‌ಲೈನರ್ ತೊಂದರೆ ಕೊಟ್ಟಾಗ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಮರುವರ್ಷ ಮಾರ್ಚಿನಲ್ಲಿ ಮರಳಿದ್ದು ಡ್ರ್ಯಾಗನ್‌ನಲ್ಲಿ. ಎರಡನೆಯ ದಾರಿ ಇದ್ದದ್ದರಿಂದ ಬಚಾವಾಯಿತು. ಆ ಬಳಿಕ ಇನ್ನೊಂದು ಮುಖ ಕಂಡಿತು. 2025ರ ಜೂನ್ 5ರಂದು ಇಲಾನ್ ಮಸ್ಕ್ ಅಮೆರಿಕದ ಅಧ್ಯಕ್ಷರ ಜೊತೆ ಜಗಳವಾಡಿ, ಡ್ರ್ಯಾಗನ್ ನೌಕೆಗಳನ್ನು ಸೇವೆಯಿಂದಲೇ ತೆಗೆಯುತ್ತೇನೆಂದು ಘೋಷಿಸಿ, ಕೆಲವೇ ಗಂಟೆಗಳಲ್ಲಿ ಮಾತು ಹಿಂದೆಗೆದುಕೊಂಡರು. ನಿಲ್ದಾಣದಲ್ಲಿರುವ ಯಾತ್ರಿಗಳ ಮನೆದಾರಿ ಒಬ್ಬ ಮನುಷ್ಯನ ಸಿಟ್ಟಿಗೆ ತಗುಲಿಕೊಂಡಿರುವುದು ಅಪಾಯ. ಅಮೆರಿಕದಂಥ ಅಮೆರಿಕವೇ ಇದಕ್ಕೆ ಸಿಕ್ಕಿಬಿದ್ದಿದೆ.

ಅದೇ ತಿಂಗಳು ನಮ್ಮವರಿಂದ ಕಲಿಯುವಂಥದ್ದೊಂದು ನಡೆಯಿತು. ಶುಭಾಂಶು ಶುಕ್ಲಾ ಅವರನ್ನು ಒಯ್ಯಬೇಕಿದ್ದ ರಾಕೆಟ್ಟನ್ನು ಕಟ್ಟೆಯ ಮೇಲೆ ಏಳು ಸೆಕೆಂಡು ಉರಿಸಿ ಪರೀಕ್ಷಿಸಿದಾಗ ದ್ರವ ಆಮ್ಲಜನಕ ಸೋರುವುದು ಕಂಡಿತು. ಇಸ್ರೋ ತಂಡ ಕಂಪನಿಯ ಪರಿಣತರ ಜೊತೆ ಕೂತು ಚರ್ಚಿಸಿ, ಸೋರಿಕೆ ಸರಿಪಡಿಸಿ ಮತ್ತೆ ಪರೀಕ್ಷೆ ಆಗುವವರೆಗೆ ಉಡಾವಣೆ ಮುಂದೂಡುವ ತೀರ್ಮಾನವಾಯಿತು. ಜೂನ್ 25ರಂದು ಅವರು ಕ್ಷೇಮವಾಗಿ ಹೊರಟರು. ಟಿಕೆಟ್ ಕೊಂಡ ಪ್ರಯಾಣಿಕರಂತೆ ಸುಮ್ಮನೆ ಕೂರದೆ ಪ್ರಶ್ನೆ ಕೇಳಲು ಇಸ್ರೋದವರಿಗೆ ಸಾಧ್ಯವಾದದ್ದು ದಶಕಗಟ್ಟಲೆ ಸ್ವಂತ ಎಂಜಿನ್ ಕಟ್ಟಿದ ಅನುಭವದಿಂದ. ಖಾಸಗಿಯವರಿಂದ ಸರಿಯಾದ ಕೆಲಸ ತೆಗೆಸಿಕೊಳ್ಳಬೇಕಾದರೆ ಆ ಕೆಲಸ ಬಲ್ಲವರು ಸರಕಾರದಲ್ಲಿಯೂ ಇರಬೇಕು.

ಸ್ವಲ್ಪ ಹೊತ್ತು ಆಕಾಶಕ್ಕೆ ಹೋಗಿ ಬರುವ ಸಿರಿವಂತರ ಪ್ರವಾಸದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 2021ರ ಜುಲೈಯಲ್ಲಿ ಜೆಫ್ ಬೆಜೋಸ್, ರಿಚರ್ಡ್ ಬ್ರಾನ್ಸನ್ ಇಬ್ಬರೂ ಹೋಗಿ ಬಂದರು. ಸಾರ್ವಜನಿಕರಿಗೆ ಅದರಿಂದ ದೊಡ್ಡದೇನೂ ದಕ್ಕಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಲ್ಲು ಹಾಕಲಾಗದ ಪ್ರಯೋಜನಗಳ ಕಡೆ ಬರೋಣ. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ನಮ್ಮ ಮೀನುಗಾರರಿಗೆ ಹೈದರಾಬಾದಿನ ಇಂಕಾಯಿಸ್ ಸಂಸ್ಥೆಯಿಂದ ಮೀನು ಸಿಗುವ ಜಾಗದ ಮಾಹಿತಿ ಪುಕ್ಕಟೆಯಾಗಿ ಬರುತ್ತದೆ. ಉಪಗ್ರಹ ಅಳೆದ ಕಡಲ ಮೇಲ್ಮೈಯ ಬಿಸಿಯನ್ನೂ ನೀರಿನಲ್ಲಿರುವ ಪಾಚಿಯ ಹಸಿರನ್ನೂ ಕೂಡಿಸಿ, ಯಾವ ಇಳಿದಾಣದಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಎಂದು ತಿಳಿಸುತ್ತಾರೆ. ಮೋಡ ಮುಚ್ಚಿದ ದಿನ ಈ ಮಾಹಿತಿ ಇರುವುದಿಲ್ಲ, ಉಪಗ್ರಹದ ಕಣ್ಣಿಗೆ ಕಡಲು ಕಾಣುವುದಿಲ್ಲವಲ್ಲ. ಡೀಸೆಲ್ ಉಳಿಸಿದ ದೋಣಿಯವನಿಗೆ ತಿಂಗಳ ಚಂದಾ ಹೇರದೆ ಇದನ್ನು ನಡೆಸುವುದು ಸರಕಾರವೇ. 1975-76ರಲ್ಲಿ ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಪಾಠ ಮುಟ್ಟಿಸಿದಾಗ ಅದರಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಇದ್ದವು. ಆ ಹಳ್ಳಿಗಳಿಂದ ಯಾವ ಕಂಪನಿಗೂ ಲಾಭ ಹುಟ್ಟುತ್ತಿರಲಿಲ್ಲ.

ಹಾಗೆಂದು ಸರಕಾರದ್ದೆಲ್ಲ ಜನಹಿತ ಎಂದು ಕಾಸರಗೋಡಿನವರು ಹೇಳಲಾರರು. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಸರಕಾರಿ ಸ್ವಾಮ್ಯದ ನಿಗಮವೇ. ಕೆಳಗಿರುವವರನ್ನು ಕೇಳಿ ಸುರಿಯಲಿಲ್ಲ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿ ನಿಲ್ಲಿಸಿದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದದ್ದು 2017ರಲ್ಲಿ. ಮೇಲಿನಿಂದ ಬರುವ ಯಾವುದೇ ತಂತ್ರಜ್ಞಾನದ ಕೆಡುಕನ್ನು ಅಳೆಯುವವರು ಯಾರು, ಅಳೆದದ್ದನ್ನು ಯಾರಿಗೆ ಕೊಡಬೇಕು ಎಂದು ಮೊದಲೇ ಬರೆದಿಡದಿದ್ದರೆ ಮಾಲಿಕ ಯಾರಾದರೂ ಗತಿ ಇದೇ. ಇಂದಿನ ಒಂದು ಉದಾಹರಣೆ ಹೇಳುತ್ತೇನೆ. 250 ಕಿಲೋ ತೂಕದ ಉಪಗ್ರಹ ಆಯುಸ್ಸು ಮುಗಿದು ವಾತಾವರಣದಲ್ಲಿ ಉರಿದಾಗ ಸುಮಾರು 30 ಕಿಲೋ ಅಲ್ಯುಮಿನಿಯಂ ಆಕ್ಸೈಡ್ ಹುಡಿ ಮೇಲೆಯೇ ಉಳಿಯುತ್ತದೆಂದು ವಿಜ್ಞಾನಿಗಳು 2024ರಲ್ಲಿ ಲೆಕ್ಕ ಹಾಕಿದ್ದಾರೆ. ಓಝೋನಿಗೆ ಅದು ಹಿತವಲ್ಲ. ಸ್ಟಾರ್‌ಲಿಂಕ್ ಉಪಗ್ರಹದ ಆಯುಸ್ಸು ಸುಮಾರು ಐದು ವರ್ಷ, ಸಂಖ್ಯೆ ಸಾವಿರಾರು.

ಈಗ ಸ್ಟಾರ್‌ಲಿಂಕ್ ಉಪಗ್ರಹದ ಸಂಕೇತ ಹಿಡಿಯುವ ಡಿಶ್ ತಟ್ಟೆಯನ್ನು ನಮ್ಮ ಊರಿನ ಶಾಲೆಯ ತಾರಸಿಗೆ ತರೋಣ.

ಈ ಉಪಗ್ರಹಗಳು ಸುಮಾರು 480ರಿಂದ 550 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುತ್ತವೆ. ಹಳೆಯ ಟಿವಿ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ, ಒಂದೇ ಕಡೆ ನಿಂತಂತೆ. ಹತ್ತಿರವಿರುವುದರಿಂದ ಮಾತು ತಡವಾಗದೆ ತಲುಪುತ್ತದೆ, ಅದು ದೊಡ್ಡ ಗುಣ. ಆದರೆ ಓಡುವ ಉಪಗ್ರಹವನ್ನು ಹಿಡಿಯಲು ತಟ್ಟೆಗೆ ತಲೆಯ ಮೇಲೆ 110 ಡಿಗ್ರಿಯಷ್ಟು ಅಗಲದ ಬಯಲು ಆಕಾಶ ಬೇಕು. ಲೆಕ್ಕ ಹಾಕಿ: ತಟ್ಟೆ ನೆಲದಿಂದ 4 ಮೀಟರ್ ಎತ್ತರದಲ್ಲಿ, ಅಡಿಕೆ ಮರ 15 ಮೀಟರ್ ಇದ್ದರೆ, ಸುತ್ತ 16 ಮೀಟರ್ ಒಳಗೆ ಅಂಥ ಒಂದು ಮರವೂ ಇರಬಾರದು. ತೋಟದ ನಡುವಿನ ಮನೆಗೆ ಇದು ಆಗದ ಮಾತು. ಸೋಗೆ ಅಡ್ಡ ಬಂದಾಗಲೆಲ್ಲ ಕೆಲವು ಸೆಕೆಂಡು ಸಂಪರ್ಕ ಕಡಿಯುತ್ತದೆ. ವೀಡಿಯೊ ನೋಡುವವನಿಗೆ ಗೊತ್ತಾಗದು, ಆನ್‌ಲೈನ್ ಪರೀಕ್ಷೆ ಬರೆಯುವ ಹುಡುಗಿಗೂ ರೇಷನ್ ಯಂತ್ರಕ್ಕೆ ಬೆರಳಿಟ್ಟ ಅಜ್ಜನಿಗೂ ಗೊತ್ತಾಗುತ್ತದೆ.

ಎರಡನೆಯದು ಮಳೆ. ಇದು ಬಳಸುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು, ದಪ್ಪ ಹನಿಗಳು ಅವನ್ನು ಹೀರಿ ಚದುರಿಸುತ್ತವೆ. ಆಟಿಯ ಮಳೆ ಜಡಿಯುವಾಗ ವೇಗ ಬೀಳುತ್ತದೆ, ತೀರಾ ಹೊಡೆದರೆ ಕೆಲವು ನಿಮಿಷ ನಿಂತೇಹೋಗುತ್ತದೆ. ಉಪಗ್ರಹವನ್ನು ಇಂಟರ್‌ನೆಟ್ ಜಾಲಕ್ಕೆ ಜೋಡಿಸುವ ನೆಲದ ಕೇಂದ್ರ ಇರುವ ಊರಿನಲ್ಲಿ ಮಳೆ ಬಂದರೂ ತೊಂದರೆಯೇ.

ಕರೆಂಟು ಮೂರನೆಯದು. ತಟ್ಟೆ 75 ವಾಟ್ ಎಳೆದರೆ ದಿನಕ್ಕೆ 1.8 ಯುನಿಟ್, ತಿಂಗಳಿಗೆ 54. ಸಾಮಾನ್ಯ 150 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಬಳಸಿದರೆ ಸುಮಾರು ಹತ್ತು ಗಂಟೆ ನಡೆಯುತ್ತದೆ. ಫೈಬರ್ ಪೆಟ್ಟಿಗೆಗೆ 12 ವಾಟ್ ಸಾಕು, ಅದೇ ಬ್ಯಾಟರಿ ಎರಡು ದಿನ ದಾಟಿಸುತ್ತದೆ. ತುಲಾ ಮಾಸದ ಸಿಡಿಲನ್ನೂ ಮರೆಯಬೇಡಿ. ಎತ್ತರದ ಕೋಲಿನ ಮೇಲೆ ತಟ್ಟೆ, ಅದರಿಂದ ಒಳಕ್ಕೆ ತಾಮ್ರದ ತಂತಿ. ಕೋಲನ್ನು ಕಟ್ಟಡದ ಅರ್ತಿಂಗ್‌ಗೇ ಜೋಡಿಸಬೇಕು. ಬೇರೆ ಗುಂಡಿ ತೋಡಿ ಬೇರೆ ಅರ್ತಿಂಗ್ ಕೊಟ್ಟರೆ ಸಿಡಿಲು ಬಡಿದಾಗ ಎರಡರ ನಡುವಿನ ವೋಲ್ಟೇಜ್ ಉಪಕರಣದ ಮೂಲಕವೇ ಹಾಯುತ್ತದೆ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕಂಬಗಳ ಮೇಲೆ ಎಳೆದಿರುವ, ರಾಜ್ಯ ಸರಕಾರದ ಫೈಬರ್ ಜಾಲವಾದ ಕೆ-ಫೋನ್ ಕೇಬಲಿನಲ್ಲಿ ಲೋಹವೇ ಇಲ್ಲ, ಸಿಡಿಲು ಅದರಲ್ಲಿ ಹರಿದು ಬರುವುದಿಲ್ಲ. ಮರ ಬಿದ್ದರೆ ಮಾತ್ರ ಕಂಬದ ಜೊತೆ ಅದೂ ಹೋಗುತ್ತದೆ.

ಆದ್ದರಿಂದ ಕಂಬ ಮುಟ್ಟುವ ಕಡೆ ಫೈಬರ್ ಮೊದಲು. ಕಂಬ ಮುಟ್ಟದ ಕಾಲನಿ, ಕಾಡಂಚಿನ ಶಾಲೆ, ಕಡಲಿನ ದೋಣಿ, ಗುಡ್ಡೆ ಕುಸಿದಾಗಿನ ತುರ್ತು, ಇಲ್ಲಿಗೆ ತಟ್ಟೆ ನಿಜವಾದ ಉಪಕಾರ. ಉಪಗ್ರಹ ಸೇವೆಗೆ ತರಂಗಾಂತರ ಕೊಡುವಾಗ ಕಂಪನಿಯ ವರಮಾನದ ಶೇ. 4 ಶುಲ್ಕ, ಪೇಟೆಯ ಪ್ರತಿ ಗ್ರಾಹಕನಿಗೆ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿ, ಹಳ್ಳಿಯವರಿಗೆ ಅದು ಬೇಡ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2025ರ ಮೇಯಲ್ಲಿ ಶಿಫಾರಸು ಮಾಡಿತು. ಇಂಥ ಶರತ್ತೇ ಕಂಪನಿಯನ್ನು ಹಳ್ಳಿಯತ್ತ ತಿರುಗಿಸುವುದು.

ನಿಮ್ಮ ಗ್ರಾಮಸಭೆಯಲ್ಲಿ ಶಾಲೆಗೋ ಆರೋಗ್ಯ ಕೇಂದ್ರಕ್ಕೋ ತಟ್ಟೆ ಹಾಕಿಸುವ ಮಾತು ಬಂದರೆ ಕರಾರಿನ ಪ್ರತಿ ಕೇಳಿ ಓದಿ. ಸಂಜೆ ಏಳರಿಂದ ಹತ್ತರವರೆಗೆ, ಎಲ್ಲರೂ ಬಳಸುವ ಹೊತ್ತಿನಲ್ಲಿ, ಕನಿಷ್ಠ ವೇಗ ಎಷ್ಟೆಂದು ಬರೆದಿರಬೇಕು. ಒಂದು ಪ್ರದೇಶದ ಗ್ರಾಹಕರೆಲ್ಲ ಒಂದೇ ಉಪಗ್ರಹದ ಪಾಲನ್ನು ಹಂಚಿಕೊಳ್ಳುವುದರಿಂದ ಮೊದಲ ತಿಂಗಳ ವೇಗ ಮೂರನೆಯ ವರ್ಷಕ್ಕೂ ಇರುತ್ತದೆಂದು ಹೇಳಲಾಗದು. ದರ ಎಷ್ಟು ವರ್ಷ ಏರಿಸುವುದಿಲ್ಲ, ಕೆಟ್ಟರೆ ಎಷ್ಟು ದಿನದೊಳಗೆ ಯಾರು ಬರುತ್ತಾರೆ, ದೂರನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಹೇಳಬಹುದೇ ಎಂಬುದೂ ಇರಲಿ. ಆ ತಟ್ಟೆ ಬೇರೆ ಕಂಪನಿಯ ಸೇವೆಗೆ ಆಗುವುದಿಲ್ಲ, ಹಾಗಾಗಿ ಸೇವೆ ನಿಲ್ಲಿಸಿದರೆ ಉಪಕರಣದ ಹಣ ಎಷ್ಟು ವಾಪಸ್ ಎಂದು ಮೊದಲೇ ಗೊತ್ತುಮಾಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ವೇಗ ಅಳೆದು ಒಂದು ಪುಸ್ತಕದಲ್ಲಿ ತಾರೀಕು ಸಮೇತ ಬರೆದಿಡಲು ಶಾಲೆಯಲ್ಲಿ ಒಬ್ಬರನ್ನು ನೇಮಿಸಿ. ಇರುವ ಫೈಬರ್ ಸಂಪರ್ಕವನ್ನು ತಟ್ಟೆ ಬಂತೆಂದು ಕಿತ್ತುಹಾಕಲು ಬಿಡಬೇಡಿ.

ನಮಸ್ಕಾರ.