ಕಿರೀಟಕ್ಕಿಂತ ಮೊದಲು ಬಂದ ವೈದ್ಯ

ಕೇಳುಗರಿಗೆ ನಮಸ್ಕಾರ.

ಅರಸನ ಕೈ ಸೋಕಿದರೆ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆಯನ್ನು ಮಾಯಾಲೋಕದ (ಫ್ಯಾಂಟಸಿ) ಕಾದಂಬರಿಗಳು ಹೊಸದಾಗಿ ಹುಟ್ಟಿಸಿದ್ದಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ಜನ ಶತಮಾನಗಳ ಕಾಲ ಅದನ್ನು ನಂಬಿ ಬದುಕಿದ್ದರು. ಕುತ್ತಿಗೆಯ ಗ್ರಂಥಿಗಳು ಊದಿಕೊಂಡು ಹುಣ್ಣಾಗುವ ಗಂಡಮಾಲೆಗೆ ದೊರೆಯ ಸ್ಪರ್ಶವೇ ಮದ್ದು ಎಂದು ಅರಮನೆಯ ಮುಂದೆ ಸಾಲುಗಟ್ಟುತ್ತಿದ್ದರು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ತನ್ನ ಕಾಲದಲ್ಲಿ 90,000ಕ್ಕೂ ಹೆಚ್ಚು ರೋಗಿಗಳನ್ನು ಮುಟ್ಟಿದನೆಂದು ಲೆಕ್ಕ ಹೇಳುತ್ತಾರೆ. 1649ರಲ್ಲಿ ಅವನ ತಂದೆಯ ತಲೆ ಕಡಿಸಿ ರಾಜಪ್ರಭುತ್ವವನ್ನೇ ಕಿತ್ತೆಸೆದಿದ್ದರು. 1660ರಲ್ಲಿ ಮಗ ಮರಳಿ ಬಂದು ಸಿಂಹಾಸನ ಏರಿದ. ಅಂಥವನಿಗೆ ತನ್ನ ಅಧಿಕಾರ ದೇವರೇ ಕೊಟ್ಟದ್ದು ಎಂದು ತೋರಿಸಿಕೊಳ್ಳುವ ತುರ್ತು ಎಷ್ಟಿತ್ತೆಂದು ಊಹಿಸಬಹುದು. ಮುಂದೆ 1712ರಲ್ಲಿ ರಾಣಿ ಆ್ಯನ್ ಒಂದು ಮಗುವನ್ನು ಮುಟ್ಟಿದಳು. ಆ ಮಗುವೇ ಮುಂದೆ ನಿಘಂಟುಕಾರನಾಗಿ ಹೆಸರಾದ ಸ್ಯಾಮ್ಯುಯಲ್ ಜಾನ್ಸನ್. ಕಾಯಿಲೆ ವಾಸಿಯಾಗಲಿಲ್ಲ, ಆದರೂ ರಾಣಿ ಕೊರಳಿಗೆ ಹಾಕಿಸಿದ ನಾಣ್ಯವನ್ನು ಅವನು ಬದುಕಿರುವವರೆಗೂ ಧರಿಸಿದ್ದ. ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ 1924ರಲ್ಲಿ ಈ ಸ್ಪರ್ಶಚಿಕಿತ್ಸೆಯ ಮೇಲೆ ದೊಡ್ಡ ಗ್ರಂಥವನ್ನೇ ಬರೆದು, ಇಷ್ಟು ಜನ ಇಷ್ಟು ಕಾಲ ಒಟ್ಟಾಗಿ ಹೇಗೆ ನಂಬಿದರು ಎಂದು ಶೋಧಿಸಿದ. ಗಂಡಮಾಲೆ ಕೆಲವೊಮ್ಮೆ ತಾನಾಗಿಯೇ ತಗ್ಗುವ ರೋಗ ಎಂಬುದೂ ಆ ನಂಬಿಕೆ ಉಳಿಯಲು ಒಂದು ಕಾರಣ.

ಈ ಎಲ್ಲ ಪ್ರಸಂಗಗಳಲ್ಲೂ ಕ್ರಮ ಒಂದೇ. ಮೊದಲು ಪಟ್ಟ, ಆಮೇಲೆ ಚಿಕಿತ್ಸೆ. ಕಿರೀಟ ಬಂದ ಮೇಲೆ ಕೈಗೆ ಶಕ್ತಿ ಬರುತ್ತದೆ. ಆ ಶಕ್ತಿ ಮತ್ತೆ ಕಿರೀಟವನ್ನು ಗಟ್ಟಿ ಮಾಡುತ್ತದೆ.

ಜೆ. ಆರ್. ಆರ್. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಆ ಕೃತಿಯಲ್ಲಿ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಯುದ್ಧಗಳಲ್ಲ, ಒಂದು ಆಸ್ಪತ್ರೆ. 1955ರಲ್ಲಿ ಪ್ರಕಟವಾದ ಮೂರನೆಯ ಸಂಪುಟದಲ್ಲಿ ಅದು ಬರುತ್ತದೆ. ಗೊಂಡೋರ್ ರಾಜ್ಯದ ರಾಜಧಾನಿ ಮಿನಾಸ್ ತಿರಿತ್ ಮುತ್ತಿಗೆಯಿಂದ ಆಗಷ್ಟೇ ಪಾರಾಗಿದೆ. ಚಿಕಿತ್ಸಾಲಯದಲ್ಲಿ ಮೂವರು ಮಲಗಿದ್ದಾರೆ: ರಾಜನಿಲ್ಲದ ಆ ನಾಡನ್ನು ಆಳುತ್ತಿದ್ದ ರಾಜ್ಯಪಾಲಕನ ಮಗ ಫರಾಮಿರ್, ರೋಹನ್ ದೇಶದ ರಾಜಕುಮಾರಿ ಎಯೋವಿನ್, ಹಾಬಿಟ್ ಎಂಬ ಕುಳ್ಳ ಜನಾಂಗದ ಮೆರ್ರಿ. ಗಾಯಕ್ಕೆ ಮದ್ದಿದೆ, ಆದರೆ ಅವರನ್ನು ಕವಿದಿರುವ ಕರಿನೆರಳಿನ ಜಾಡ್ಯಕ್ಕೆ ವೈದ್ಯರ ಬಳಿ ಹೆಸರೂ ಇಲ್ಲ, ಉಪಾಯವೂ ಇಲ್ಲ. ರೋಗಿ ಆಳವಾದ ಕನಸಿಗೆ ಜಾರುತ್ತಾನೆ, ಮಾತು ನಿಲ್ಲುತ್ತದೆ, ಮೈ ತಣ್ಣಗಾಗುತ್ತದೆ, ಸಾಯುತ್ತಾನೆ. 1916ರಲ್ಲಿ ಮೊದಲ ಮಹಾಯುದ್ಧದ ಸೊಮ್ಮ್ ರಣರಂಗದಲ್ಲಿದ್ದು, ಕಂದಕಜ್ವರ ಹಿಡಿದು, ತಿಂಗಳುಗಟ್ಟಲೆ ಆಸ್ಪತ್ರೆ ಕಂಡ ಲೇಖಕ ಇದನ್ನು ಬರೆದವರು. ಕಣ್ಣಿಗೆ ಕಾಣದ ಗಾಯ ಹೊತ್ತು ಮಲಗಿದ ಸೈನಿಕರನ್ನು ಅವರು ನೋಡಿಯೇ ಇರಬೇಕು ಎಂದು ಈ ಪುಟಗಳನ್ನು ಓದುವಾಗ ನನಗೆ ಅನ್ನಿಸುತ್ತದೆ.

ಅಲ್ಲಿ ಯೋರೆತ್ ಎಂಬ ಮುದುಕಿ ಇದ್ದಾಳೆ. ಆರೈಕೆ ಮಾಡುವವಳು, ವಾಚಾಳಿ. ಫರಾಮಿರನ ಮುಖ ನೋಡಿ ಅತ್ತು, ರಾಜನ ಕೈಗಳು ವೈದ್ಯನ ಕೈಗಳು, ನಿಜವಾದ ದೊರೆಯನ್ನು ಗುರುತಿಸುವುದೇ ಹಾಗೆ ಎಂಬ ಹಳೆಯ ಮಾತೊಂದನ್ನು ನೆನೆಯುತ್ತಾಳೆ. ಪಕ್ಕದಲ್ಲಿದ್ದ ಮಾಂತ್ರಿಕ ಗ್ಯಾಂಡಾಲ್ಫ್ ಆ ಮಾತು ಕೇಳಿದ್ದೇ ತಡ, ಅರಗೋರ್ನ್‌ನನ್ನು ಹುಡುಕಿಕೊಂಡು ಹೊರಡುತ್ತಾನೆ. ಮಹಾಜ್ಞಾನಿಗೆ ದಾರಿ ತೋರಿದ್ದು ಒಬ್ಬ ದಾದಿಯ ನೆನಪು! ಈ ವಿವರವನ್ನು ನಾವು ಹಗುರವಾಗಿ ದಾಟಬಾರದು.

ರಾಜವಂಶದ ಕುಡಿಯಾದ ಅರಗೋರ್ನ್ ಆಗ ಎಲ್ಲಿದ್ದಾನೆ? ಕೋಟೆಯ ಹೊರಗೆ, ಡೇರೆಯಲ್ಲಿ. ಯುದ್ಧ ಗೆದ್ದುಕೊಟ್ಟವನು ತನ್ನ ಬಾವುಟವನ್ನು ಸುತ್ತಿಟ್ಟಿದ್ದಾನೆ. ಕರೆಯದೆ ಒಳಗೆ ಬಂದು ಹಕ್ಕು ಸಾಧಿಸಿದರೆ ಊರು ಒಡೆದೀತು ಎಂಬ ಎಚ್ಚರ ಅವನದು. ಬೂದು ನಿಲುವಂಗಿ ಹೊದ್ದು, ರೋಗಿಗಳಿಗಾಗಿ ಮಾತ್ರ ಬರುತ್ತಾನೆ. ಬಂದವನೇ ಅಥೆಲಾಸ್ ಎಂಬ ಸೊಪ್ಪು ಕೇಳುತ್ತಾನೆ. ಮೂಲಿಕೆಗಳ ಪಂಡಿತ ಬಂದು ಅದಕ್ಕೆ ಯಾವ ಭಾಷೆಯಲ್ಲಿ ಏನು ಹೆಸರೆಂದು ವಿವರಿಸುತ್ತಾನೆ, ರಾಜನ ಕೈಯಲ್ಲಿ ಅದು ಸಾಯುವವರಿಗೆ ಜೀವ ಕೊಡುತ್ತದೆ ಎಂದು ಅಜ್ಜಿಯರು ಹಾಡುವ ಪದ್ಯವನ್ನೂ ಒಪ್ಪಿಸುತ್ತಾನೆ. ಸೊಪ್ಪು ಮಾತ್ರ ಅವನ ಉಗ್ರಾಣದಲ್ಲಿಲ್ಲ. ಇಡುವ ಯೋಗ್ಯತೆ ಅದಕ್ಕಿದೆಯೆಂದು ಯಾರಿಗೂ ತೋರಿಲ್ಲ. ಕೊನೆಗೆ ಬೆರ್ಗಿಲ್ ಎಂಬ ಹುಡುಗ ಓಡಿ ಹೋಗಿ, ಬಟ್ಟೆಯಲ್ಲಿ ಸುತ್ತಿದ ಆರು ಎಲೆ ತರುತ್ತಾನೆ. ಅವೂ ಕಿತ್ತು ಎರಡು ವಾರ ಕಳೆದ ಎಲೆಗಳು.

ಇನ್ನು ಆ ಚಿಕಿತ್ಸೆಯನ್ನು ಗಮನವಿಟ್ಟು ನೋಡಿ. ಮಿಂಚಿಲ್ಲ, ಮಂತ್ರಘೋಷವಿಲ್ಲ. ಅರಗೋರ್ನ್ ಫರಾಮಿರನ ಪಕ್ಕದಲ್ಲಿ ಮಂಡಿಯೂರಿ, ಹಣೆಯ ಮೇಲೆ ಕೈಯಿಟ್ಟು ಹೆಸರು ಹಿಡಿದು ಕರೆಯುತ್ತಾನೆ. ಕತ್ತಲ ಕಣಿವೆಯಲ್ಲಿ ಕಳೆದುಹೋದವನನ್ನು ಹುಡುಕುತ್ತಾ ತಾನೂ ದೂರ ದೂರ ಹೋಗುತ್ತಿರುವಂತೆ ಅವನ ದನಿ ಕ್ಷೀಣಿಸುತ್ತದೆ. ಮುಖ ದಣಿವಿನಿಂದ ಬೂದಿಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎರಡು ಎಲೆಗಳ ಮೇಲೆ ಉಸಿರೂದಿ, ಹೊಸಕಿ, ಬಿಸಿನೀರಿಗೆ ಹಾಕುತ್ತಾನೆ, ಕೋಣೆಯೆಲ್ಲ ಘಮ್ಮೆನ್ನುತ್ತದೆ. ಫರಾಮಿರ್ ಕಣ್ಣು ತೆರೆದು ಮೊದಲು ಆಡುವ ಮಾತಿನಲ್ಲೇ ಅವನನ್ನು ರಾಜ ಎನ್ನುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ. ಅರಗೋರ್ನ್ ರಾಜನಾದರೆ ತನ್ನ ಮನೆತನದ ಅಧಿಕಾರ ಹೋಗುತ್ತದೆ ಎಂಬುದು ಗೊತ್ತಿದ್ದ ಮನುಷ್ಯನ ಬಾಯಲ್ಲಿ ಈ ಮಾತು ಬರುತ್ತದೆ. ಅದೇ ದಿನ ಫರಾಮಿರನ ತಂದೆ ದೆನೆತೊರ್, ಗತಿಗೆಟ್ಟ ವಂಶದ ಕೊನೆಯವನಿಗೆ ತಾನು ತಲೆಬಾಗುವುದಿಲ್ಲ ಎಂದು ಹಟ ಹಿಡಿದು, ಚಿತೆಯೇರಿ ಸತ್ತಿದ್ದಾನೆ. ಜೀವವಿರುವ ಮಗನನ್ನೂ ಸುಡಲು ಹೊರಟಿದ್ದ. ಒಬ್ಬನಿಗೆ ಅಧಿಕಾರ ತನ್ನೊಂದಿಗೇ ಬೂದಿಯಾಗಬೇಕಾದ ಆಸ್ತಿ. ಇನ್ನೊಬ್ಬನಿಗೆ ಅದು ದಣಿಯುವ ಕೆಲಸ.

ಸುದ್ದಿ ಊರಿನ ತುಂಬ ಹಬ್ಬುತ್ತದೆ. ನಮ್ಮ ಮನೆಯವರನ್ನೂ ನೋಡಿ ಎಂದು ಜನ ಮುತ್ತಿಕೊಳ್ಳುತ್ತಾರೆ. ಅರಗೋರ್ನ್, ಎಲ್ಫ್ ಎಂಬ ಅಮರ ಜನಾಂಗದ ಹಿರಿಯ ಎಲ್ರೋಂಡ್‌ನ ಮಕ್ಕಳಿಬ್ಬರನ್ನು ನೆರವಿಗೆ ಕರೆಸಿಕೊಂಡು ರಾತ್ರಿ ಬಹಳ ಹೊತ್ತಿನವರೆಗೆ ದುಡಿದು, ಬೆಳಗಾಗುವ ಮೊದಲೇ ಡೇರೆಗೆ ಮರಳುತ್ತಾನೆ. ಕಥೆಯ ಲೆಕ್ಕದಲ್ಲಿ ಇದು ಮಾರ್ಚ್ 15. ಕಿರೀಟಧಾರಣೆ ಮೇ 1ಕ್ಕೆ. ಈ ಒಂದೂವರೆ ತಿಂಗಳ ಅಂತರದಲ್ಲೇ ಟೋಲ್ಕಿನ್ ರಾಜತ್ವದ ಬಗ್ಗೆ ಹೇಳಬೇಕಾದದ್ದನ್ನು ಹೇಳಿಬಿಟ್ಟಿದ್ದಾರೆ ಎಂಬುದು ನನ್ನ ಓದು. ಚಾರ್ಲ್ಸ್ ದೊರೆಗೆ ಚಿಕಿತ್ಸೆ ಕಿರೀಟದ ಆಭರಣವಾಗಿತ್ತು. ಇಲ್ಲಿ ರಾಜನೆಂಬ ಹೆಸರನ್ನು ಹಾಸಿಗೆ ಹಿಡಿದವರು ಮೊದಲು ಕೊಡುತ್ತಾರೆ, ಆಸ್ಥಾನ ಆಮೇಲೆ ಒಪ್ಪುತ್ತದೆ.

ಆದರೆ ಒಂದು ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ಇದೆಲ್ಲ ರಕ್ತದ ಮಹಿಮೆ ತಾನೆ? ಅದೇ ಸೊಪ್ಪಿನ ಕಷಾಯ ಮುದುಕರ ತಲೆನೋವು ಕಳೆಯುತ್ತದೆ, ಅರಸುಕುಲದವನ ಕೈಯಲ್ಲಿ ಮಾತ್ರ ಜೀವ ಉಳಿಸುತ್ತದೆ. ಪ್ರಜಾಪ್ರಭುತ್ವದಲ್ಲಿ ಬೆಳೆದ ನಮಗೆ ಇದು ಒಗ್ಗದ ಮಾತು, ಒಗ್ಗಬಾರದು ಕೂಡ. 1954ರಲ್ಲಿ ಬರೆದ ಪತ್ರವೊಂದರ ಕರಡಿನಲ್ಲಿ ಟೋಲ್ಕಿನ್ ಅವರೇ ಈ ಚಿಕಿತ್ಸೆಯನ್ನು ಮಾಂತ್ರಿಕತೆ, ಔಷಧ, ಸಮ್ಮೋಹನ ಬೆರೆತದ್ದೆಂದು ಭಾವಿಸಬಹುದು ಎನ್ನುತ್ತಾರೆ. ಅರಗೋರ್ನ್ ದೂರದ ಪೀಳಿಗೆಯಲ್ಲಿ ಎಲ್ಫ್ ಸಂತತಿಗೆ ಸೇರಿದವನೆಂದೂ ನೆನಪಿಸುತ್ತಾರೆ. ವಂಶದ ಮಾತನ್ನು ಅವರು ಬಿಟ್ಟುಕೊಟ್ಟಿಲ್ಲ.

ಆದರೂ ಕಾದಂಬರಿ ತನ್ನ ಲೇಖಕರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ ಎಂದು ನಾನು ವಾದಿಸುತ್ತೇನೆ. ಅದಕ್ಕೆ ಎಯೋವಿನ್ ಸಾಕ್ಷಿ. ಅವಳ ಹಾಸಿಗೆಯ ಬಳಿ ರಾಜನ ಕೈ ತನ್ನ ಮಿತಿಯನ್ನು ಒಪ್ಪಿಕೊಳ್ಳುತ್ತದೆ. ಇವಳ ನೋವು ಈ ಯುದ್ಧಕ್ಕಿಂತ ಬಹಳ ಹಿಂದಿನದು, ಮೈ ಗುಣವಾದರೂ ಇವಳು ಭರವಸೆಗೆ ಏಳುತ್ತಾಳೋ ಹತಾಶೆಗೋ ತಿಳಿಯದು ಎನ್ನುತ್ತಾನೆ ಅರಗೋರ್ನ್. ಅವಳ ಕೈಯನ್ನು ಅಣ್ಣ ಎಯೋಮರ್‌ನ ಕೈಯಲ್ಲಿಟ್ಟು, ನೀನು ಕರೆ ಎಂದು ಹೊರನಡೆಯುತ್ತಾನೆ. ಅವಳು ಎಚ್ಚರಗೊಳ್ಳುವುದು ಅಣ್ಣನ ದನಿಗೆ. ಮನಸ್ಸಿನ ಗಾಯ ಮಾಯುವುದಕ್ಕೆ ಇನ್ನೂ ದಿನಗಳು ಬೇಕಾಗುತ್ತವೆ; ಆ ಕೆಲಸ ಚಿಕಿತ್ಸಾಲಯದ ತೋಟದಲ್ಲಿ, ಅವಳಂತೆಯೇ ಚೇತರಿಸಿಕೊಳ್ಳುತ್ತಿದ್ದ ಫರಾಮಿರನ ಜೊತೆಯಲ್ಲಿ ನಡೆಯುತ್ತದೆ. ಕತ್ತಿ ಹಿಡಿದು ಸಾಯಲು ಹೊರಟಿದ್ದ ಆ ಹೆಣ್ಣು ಅಲ್ಲಿ ತನ್ನ ಮುಂದಿನ ಬದುಕನ್ನು ತಾನೇ ಆರಿಸಿಕೊಳ್ಳುತ್ತಾಳೆ. ರಾಣಿಯಾಗುವ ಆಸೆ ನನಗಿನ್ನಿಲ್ಲ, ನಾನು ಗುಣಪಡಿಸುವವಳಾಗುತ್ತೇನೆ ಎನ್ನುತ್ತಾಳೆ. ಗೊಂಡೋರಿನ ರಾಜರಕ್ತ ಅವಳಲ್ಲಿ ಇಲ್ಲ, ಅಥೆಲಾಸ್ ಪದ್ಯ ಅವಳ ಕುರಿತದ್ದಲ್ಲ. ಅವಳು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ನಮಸ್ಕಾರ.