ಕವರ್ ಚಿತ್ರ ಮೊದಲು, ವಿಡಿಯೊ ಆಮೇಲೆ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಕಾಲೇಜುಗಳಲ್ಲಿ ಓದುತ್ತಾ ಕನ್ನಡದಲ್ಲಿ ಹಾಡು ಕಟ್ಟುತ್ತಿರುವ ಹುಡುಗ ಹುಡುಗಿಯರಿಗಾಗಿ ಈ ಮಾತು. ಹಾಡು ರೆಕಾರ್ಡ್ ಆಗಿದೆ, ಇನ್ನು ಅದಕ್ಕೊಂದು ಮ್ಯೂಸಿಕ್ ವಿಡಿಯೊ, ಒಂದು ಆಲ್ಬಮ್ ಕವರ್ ಆಗಬೇಕು ಎನ್ನುವ ಹಂತದಲ್ಲಿ ನೀವಿದ್ದರೆ ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಅಂಕಿಗಳು ಸ್ವಲ್ಪ ಹೆಚ್ಚೇ ಬರುತ್ತವೆ.

ಎಷ್ಟೋ ತಂಡಗಳು ವಿಡಿಯೊ ಮುಗಿಸಿ, ನಾಳೆ ಬಿಡುಗಡೆ ಎನ್ನುವ ರಾತ್ರಿ ಅದರೊಳಗಿನ ಒಂದು ದೃಶ್ಯವನ್ನೇ ಕಿತ್ತು, ಮೇಲೆ ಹೆಸರು ಬರೆದು ಕವರ್ ಮಾಡುತ್ತವೆ. ಇದು ಕೈಕೊಡುತ್ತದೆ. ಹಾಡಿನ ಆ್ಯಪ್‌ಗಳಿಗೆ ಬೇಕಾದದ್ದು 3000 ಪಿಕ್ಸೆಲ್ ಉದ್ದ, 3000 ಪಿಕ್ಸೆಲ್ ಅಗಲದ ಚೌಕ. 4ಕೆ ವಿಡಿಯೊದ ಎತ್ತರ ಇರುವುದೇ 2160 ಪಿಕ್ಸೆಲ್; ಫುಲ್ ಎಚ್‌ಡಿ ಆದರೆ ಬರೀ 1080. ಹಿಗ್ಗಿಸಿದರೆ ಕಣ್ಣು, ಕೂದಲು, ಬಟ್ಟೆಯ ಅಂಚು ಎಲ್ಲ ಮಸುಕು. ಸಾಲದ್ದಕ್ಕೆ ವಿಡಿಯೊದ ಒಂದೊಂದು ಫ್ರೇಮೂ, ಅಂದರೆ ಬಿಡಿ ಚಿತ್ರವೂ, ಸಾಮಾನ್ಯವಾಗಿ ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು ಬೆಳಕಿಗೆ ತೆರೆದಿರುತ್ತದೆ. ಓಡುವಾಗ ಅದು ನಯವಾಗಿ ಕಾಣುತ್ತದೆ, ನಿಲ್ಲಿಸಿ ನೋಡಿದರೆ ತಬಲದ ಮೇಲಿನ ಬೆರಳುಗಳು ಕದಡಿದ ನೀರಿನ ಹಾಗಿರುತ್ತವೆ.

ಆದ್ದರಿಂದ ಕವರ್ ಹೇಗಿರಬೇಕೆಂದು ಮೊದಲು ತೀರ್ಮಾನಿಸಿ, ವಿಡಿಯೊವನ್ನು ಅದರ ಸುತ್ತ ಕಟ್ಟಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಡಿನ ಹೆಸರು ‘ಅಟ್ಟದ ಟ್ರಂಕು’. ಊರಿನಿಂದ ಮುಂಬಯಿಗೆ ಬಂದ ಅಜ್ಜನ ಹಸಿರು ಬಣ್ಣದ ತಗಡಿನ ಟ್ರಂಕಿನ ಮೇಲಿನ ಹಾಡು. ಕವರಿನಲ್ಲಿ ಚಾಳಿನ ಮೆಟ್ಟಿಲ ಮೇಲೆ ಆ ಟ್ರಂಕು, ಪಕ್ಕದಲ್ಲಿ ಕುಂಕುಮ ಬಣ್ಣದ ಸೀರೆಯ ಒಂದು ಅಂಚು. ಇಷ್ಟು ಗೊತ್ತಾದ ಕೂಡಲೇ ವಿಡಿಯೊಗೆ ಬೇಕಾದ ಅರ್ಧ ನಿರ್ಧಾರಗಳು ತಾವಾಗಿ ಆಗಿಬಿಡುತ್ತವೆ. ಹಾಡುವವರು ಹಸಿರು ತೊಡುವುದಿಲ್ಲ, ಏಕೆಂದರೆ ಹಸಿರು ಟ್ರಂಕಿಗೆ ಮೀಸಲು. ಮೂರು ಬಣ್ಣ ಆಯ್ದು ಕಂಪ್ಯೂಟರಿನಲ್ಲಿ ಅವುಗಳನ್ನು ಗುರುತಿಸುವ ಆರಂಕಿ ಕೋಡ್ (ಹೆಕ್ಸ್) ಬರೆದಿಟ್ಟುಕೊಳ್ಳಿ. ವಿಡಿಯೊದ ಶೀರ್ಷಿಕೆಗೂ ಕವರಿನ ಅಕ್ಷರಕ್ಕೂ ಅದೇ ಕೋಡ್ ಹೋಗಲಿ.

ಕವರ್ ಚಿತ್ರವನ್ನು ಶೂಟಿಂಗ್ ದಿನವೇ, ಅದೇ ಬೆಳಕಿನಲ್ಲಿ, ಮೇಕಪ್ ಕರಗುವ ಮೊದಲು ತೆಗೆಯಬೇಕು. ಫೋನಿನ ಮುಖ್ಯ ಕ್ಯಾಮೆರಾ 12 ಮೆಗಾಪಿಕ್ಸೆಲ್ ಇದ್ದರೆ 4:3 ಅಳತೆಯಲ್ಲಿ ಚಿತ್ರದ ಚಿಕ್ಕ ಬದಿ 3000 ಪಿಕ್ಸೆಲ್ ಆಸುಪಾಸು ಬರುತ್ತದೆ. ಅಂದರೆ ಸರಿಯಾಗಿ ಬೇಕಾದಷ್ಟೇ. ಆಮೇಲೆ ಕತ್ತರಿಸಿಕೊಳ್ಳೋಣ ಎನ್ನಲು ಜಾಗವೇ ಇಲ್ಲ, ನಿಂತಲ್ಲೇ ಚೌಕ ಕಲ್ಪಿಸಿಕೊಂಡು ತೆಗೆಯಬೇಕು. ಫೋನು 16:9ರಲ್ಲಿದ್ದರೆ ಅದೇ ಬದಿ ಸುಮಾರು 2270ಕ್ಕೆ ಇಳಿಯುತ್ತದೆ. ಜೂಮ್ ಮುಟ್ಟಬೇಡಿ, ನಡೆದು ಹತ್ತಿರ ಹೋಗಿ. ಚೌಕದ ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಡಿ, ಅಲ್ಲಿ ಹೆಸರು ಕೂರಬೇಕು.

ಇನ್ನು ವಿಡಿಯೊ. ನಮ್ಮ ದೇಶದ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಷ್ಟೋ ಫೋನುಗಳು ಮೊದಲಿನಿಂದಲೇ ಸೆಕೆಂಡಿಗೆ 30 ಫ್ರೇಮ್‌ಗೆ ಹೊಂದಿಸಿಯೇ ಬಂದಿರುತ್ತವೆ. ಶಟರ್, ಅಂದರೆ ಒಂದೊಂದು ಫ್ರೇಮ್ ತೆರೆದಿರುವ ಹೊತ್ತು, ಸೆಕೆಂಡಿನ 60ನೇ ಒಂದು ಭಾಗದಲ್ಲಿದ್ದರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತವೆ, ಎಡಿಟಿಂಗ್‌ನಲ್ಲಿ ಅದನ್ನು ಅಳಿಸುವುದು ಕಷ್ಟ. 25 ಫ್ರೇಮ್, ಶಟರ್ 50ನೇ ಒಂದು ಭಾಗ, ಇಷ್ಟನ್ನು ಕೈಯಿಂದಲೇ ಇಡಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದಕ್ಕೆ ಸಾಕು. ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ಲಾಕ್ ಮಾಡಿ. ಎಚ್‌ಡಿಆರ್ ಎಂಬ, ಬೆಳಕು ನೆರಳಿನ ಹರವು ಹಿಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಬಣ್ಣ ಬಿಳಿಚಿಕೊಂಡು, ಕವರಿನ ಹಸಿರೇ ಒಂದು, ವಿಡಿಯೊದ ಹಸಿರೇ ಒಂದು ಆಗುತ್ತದೆ.

ಲಿಪ್‌ಸಿಂಕ್, ಅಂದರೆ ಹಾಡಿಗೂ ತುಟಿಗೂ ಇರುವ ಹೊಂದಿಕೆ, ಹಾಳಾಗುವುದು ಹೆಚ್ಚಾಗಿ ಶೂಟಿಂಗ್‌ಗೆ ಮುಂಚೆಯೇ. ಮಿಕ್ಸಿಂಗ್ ಮುಗಿಯದ ಹಾಡು ಹಾಕಿ ಶೂಟ್ ಮಾಡಿ, ಆಮೇಲೆ ಲಯವನ್ನು ಕೂದಲೆಳೆಯಷ್ಟು ಬದಲಿಸಿದರೂ ಎರಡನೇ ಚರಣದ ಹೊತ್ತಿಗೆ ತುಟಿ ಒಂದು ಕಡೆ, ಹಾಡು ಒಂದು ಕಡೆ. ಲಯ ನಿಗದಿಯಾದ ಮೇಲೆ 48 ಕಿಲೋಹರ್ಟ್ಜ್‌ನ ವೇವ್ ಫೈಲ್ ಮಾಡಿ, ಹಾಡು ಶುರುವಾಗುವ ಮುಂಚೆ ತಾಳ ಎಣಿಸಲು ನಾಲ್ಕು ‘ಟಿಕ್’ ಸೇರಿಸಿ. ಆ ಒಂದೇ ಫೈಲನ್ನು ಶೂಟಿಂಗ್‌ಗೂ ಎಡಿಟಿಂಗ್‌ಗೂ ಬಳಸಿ. ಎಂಪಿ3 ಬೇಡ, ಅದು ಹಾಡಿನ ಆರಂಭಕ್ಕೆ ಒಂದು ಚೂರು ಮೌನ ಅಂಟಿಸಿಬಿಡುತ್ತದೆ.

ಸ್ಪೀಕರ್ ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. 25 ಫ್ರೇಮ್ ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಹೋಗುವುದು ಸುಮಾರು 14 ಮೀಟರ್. ಸ್ಪೀಕರ್ ಹಾಡುಗಾರರ ಕಾಲ ಬುಡದಲ್ಲಿದ್ದು ಕ್ಯಾಮೆರಾ ಟೆರೇಸಿನ ಆಚೆ ತುದಿಯಲ್ಲಿ 28 ಮೀಟರ್ ದೂರವಿದ್ದರೆ, ಫೋನು ಹಿಡಿದ ಶಬ್ದ ಎರಡು ಫ್ರೇಮ್ ತಡ. ಸಾಫ್ಟ್‌ವೇರ್ ಆ ಶಬ್ದವನ್ನು ನಂಬಿ ಹಾಡಿನ ಫೈಲನ್ನು ಜೋಡಿಸುತ್ತದೆ, ತುಟಿ ಮುಂದೆ ಓಡುತ್ತದೆ. ಅಂಥ ದೂರದ ಶಾಟ್ ಇದ್ದರೆ ಹಾಡನ್ನು ಎರಡು ಫ್ರೇಮ್ ಮುಂಚೆಗೆ ಸರಿಸಿ, ಮುಗಿಯಿತು. ಮತ್ತೊಂದು ಮಾತು: ತುಟಿ ಮಾತ್ರ ಆಡಿಸಬೇಡಿ, ನಿಜವಾಗಿ ಗಟ್ಟಿಯಾಗಿ ಹಾಡಿ. ಕತ್ತಿನ ನರ, ಎದೆಯ ಉಸಿರು ಸುಳ್ಳು ಹೇಳುವುದಿಲ್ಲ.

ಪ್ರತಿ ಟೇಕ್‌ನಲ್ಲೂ ಇಡೀ ಹಾಡನ್ನು ಹಾಡಿಸಿ. ಇಡೀ ತಂಡ ಕಾಣುವ ಹಾಗೆ 3, ಸೊಂಟದಿಂದ ಮೇಲೆ 3, ಮುಖ ಮಾತ್ರ 2, ವಾದ್ಯಗಳ ಮೇಲೆ 2. ಮೂರೂವರೆ ನಿಮಿಷದ ಹಾಡಿಗೆ ಇದು 35 ನಿಮಿಷದ ಫುಟೇಜ್. ಫೋನಿನ 4ಕೆ ನಿಮಿಷಕ್ಕೆ 350 ಎಂಬಿ ಎಂದು ಹಿಡಿದರೆ 12 ಜಿಬಿಗಿಂತ ಹೆಚ್ಚು. ಬಿಡಿ ದೃಶ್ಯಗಳಿಗೂ ಸೇರಿ 30 ಜಿಬಿ ಖಾಲಿ ಮಾಡಿಕೊಂಡೇ ಮನೆ ಬಿಡಿ. ಫೋನಿನ ಮಾಮೂಲಿ ಕ್ಯಾಮೆರಾ ಆ್ಯಪ್‌ನಲ್ಲೇ ತೆಗೆದಿದ್ದರೆ ಫ್ರೇಮ್ ರೇಟ್ ಏರಿಳಿಯುತ್ತಿರುತ್ತದೆ. ಹಾಡಿನ ಆರಂಭದಲ್ಲಿ ಸರಿಯಿದ್ದ ತುಟಿ ಕೊನೆಯಲ್ಲಿ ಜಾರುವುದು ಇದರಿಂದ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ‘ಕಾನ್‌ಸ್ಟಂಟ್’ ಆಯ್ದು ಒಮ್ಮೆ ಬದಲಿಸಿಕೊಳ್ಳಿ.

ಮುಂಬಯಿಯ ಬೆಳಕಿಗೆ ಅದರದೇ ಸ್ವಭಾವ. ನಮ್ಮ ಕರಾವಳಿಯ ಹಾಗೆ ಇಲ್ಲಿಯೂ ಕಡಲು ಪಡುವಣಕ್ಕೆ. ಬಾಂದ್ರಾದ ಕಡಲತೀರ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಸಂಜೆ ಕಡಲಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪು. ಸ್ಟೇಷನರಿ ಅಂಗಡಿಯ ಬಿಳಿ ರಟ್ಟಿನ ಹಾಳೆಯನ್ನು ನಾಲ್ಕಡಿ ದೂರದಿಂದ ಮುಖದತ್ತ ಹಿಡಿದರೆ ಸಾಕು, ಕಣ್ಣು ತೆರೆದುಕೊಳ್ಳುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು 6ರ ಆಸುಪಾಸು, ಮೇ ತಿಂಗಳಲ್ಲಿ 7 ದಾಟಿ. ಉಬ್ಬರದ ಸಮಯ ನೋಡದೆ ಬಂಡೆಗಳ ಮೇಲೆ ಹೋಗಲೇಬೇಡಿ, ಯಾವ ಶಾಟೂ ಅಷ್ಟು ಬೆಲೆಯದಲ್ಲ. ಎಸಿ ಕೋಣೆಯಿಂದ ಹೊರಗೆ ತಂದ ಲೆನ್ಸಿಗೆ ಮಂಜು ಹಿಡಿಯುತ್ತದೆ, ಕಾಲು ಗಂಟೆ ಚೀಲದಲ್ಲೇ ಇರಲಿ.

ರೈಲ್ವೆ ನಿಲ್ದಾಣ ಅಂದರೆ ರೈಲ್ವೆಯ ಅನುಮತಿ ಬೇಕೇ ಬೇಕು. ರಸ್ತೆ, ಉದ್ಯಾನಕ್ಕೂ ಅನುಮತಿ ಇದೆ. ಗೋರೆಗಾಂವ್ ಚಿತ್ರನಗರಿಯ ಮಹಾಮಂಡಳದ ಏಕಗವಾಕ್ಷಿ ವ್ಯವಸ್ಥೆಯಲ್ಲಿ ವಿಚಾರಿಸಿ. ವಿದ್ಯಾರ್ಥಿಗಳಿಗೆ ಸುಲಭವಾದದ್ದು ಕಾಲೇಜು, ಇಲ್ಲವೇ ಸೊಸೈಟಿಯ ಟೆರೇಸು. ಪ್ರಾಂಶುಪಾಲರ ಅಥವಾ ಸೆಕ್ರೆಟರಿಯವರ ಒಂದು ಪತ್ರ ಕಿಸೆಯಲ್ಲಿರಲಿ.

ಹಾಡಿನ ಸಾಹಿತ್ಯ ನಿಮ್ಮದಲ್ಲದಿದ್ದರೆ ಈಗಲೇ ಯೋಚಿಸಿ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ವಚನಗಳು, ದಾಸರ ಪದಗಳು ಮುಕ್ತ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಪದ್ಯಗಳೂ ಮುಕ್ತ. ಬೇಂದ್ರೆಯವರು ಇದೇ ಮುಂಬಯಿಯಲ್ಲಿ 1981ರಲ್ಲಿ ತೀರಿಕೊಂಡರು, ಅವರ ಕವಿತೆಗೆ 2041 ಮುಗಿಯುವವರೆಗೆ ಅನುಮತಿ ಬೇಕು. ಸಾಹಿತ್ಯ ಮುಕ್ತವಾದರೂ ಈಚಿನವರು ಹಾಕಿದ ರಾಗಸಂಯೋಜನೆ ಮುಕ್ತವಲ್ಲ ಎನ್ನುವುದನ್ನು ಮರೆಯಬೇಡಿ.

ಕವರಿನ ಅಕ್ಷರಗಳ ಬಗ್ಗೆ ನಮಗೆ ಹೆಚ್ಚು ಕಾಳಜಿ, ಏಕೆಂದರೆ ಕನ್ನಡ ಕೆಡುವುದು ಅಲ್ಲೇ. ಕೆಲವು ಸಾಫ್ಟ್‌ವೇರುಗಳಲ್ಲಿ ‘ಅಟ್ಟದ’ ಎಂದು ಬರೆದರೆ ಒತ್ತಕ್ಷರ ಕೂಡದೆ ‘ಟ್’ ಬೇರೆ, ‘ಟ’ ಬೇರೆ ಬರುತ್ತದೆ. ಫೋಟೊಶಾಪ್‌ನಲ್ಲಾದರೆ ಅಕ್ಷರದ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಆಯ್ಕೆ ಮಾಡಿ. ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಇಂಗ್ಲಿಷ್ ಶೈಲಿ ನಮ್ಮ ಲಿಪಿಗೆ ಒಗ್ಗುವುದಿಲ್ಲ. ಹೆಸರನ್ನು ಎರಡು ಸಾಲು ಮಾಡಿದರೆ ‘ಅಟ್ಟದ’ ಎಂಬಲ್ಲಿನ ಒತ್ತು ಕೆಳಗಿನ ‘ಟ್ರಂಕು’ವಿನ ತಲೆಕಟ್ಟಿಗೆ ಬಡಿಯುತ್ತದೆ, ಸಾಲಿನ ಅಂತರ ಅಕ್ಷರದ ಗಾತ್ರಕ್ಕಿಂತ ಒಂದೂವರೆ ಪಟ್ಟು ಇರಲಿ. ಫಾಂಟ್ ಹುಡುಕಲು ದೂರ ಹೋಗಬೇಕಿಲ್ಲ: ಮುಂಬಯಿಯದೇ ಏಕ್ ಟೈಪ್ ಸಂಸ್ಥೆ ರೂಪಿಸಿದ ಬಾಲೂ ತಮ್ಮ, ಅನೇಕ್ ಕನ್ನಡ ಎರಡೂ ಉಚಿತ. ಬರೆದಾದ ಮೇಲೆ ಕವರನ್ನು ಫೋನಿನಲ್ಲಿ ಒಂದು ಸೆಂಟಿಮೀಟರಿಗೆ ಕುಗ್ಗಿಸಿ ನೋಡಿ. ಹಾಡಿನ ಪಟ್ಟಿಯಲ್ಲಿ ಅದು ಕಾಣುವುದೇ ಅಷ್ಟು. ಒತ್ತು ಕಾಣದಿದ್ದರೆ ದಪ್ಪ ಫಾಂಟ್ ಹಾಕಿ.

ಕವರಿನ ಮೇಲೆ ಫೋನ್ ನಂಬರ್, ವೆಬ್ ವಿಳಾಸ, ಕ್ಯೂಆರ್ ಕೋಡ್, ಬೆಲೆ ಇದ್ದರೆ ಆ್ಯಪ್‌ಗಳು ತಿರಸ್ಕರಿಸುತ್ತವೆ. ಸಂಘದ ಕಾರ್ಯಕ್ರಮದಲ್ಲಿ ಹಂಚಲು ಸಿಡಿ ಮಾಡಿಸುವುದಾದರೆ ಮುಂದಿನ ಕಾಗದ 120 ಮಿಲಿಮೀಟರ್ ಚೌಕ, ಕತ್ತರಿಸಲು ಸುತ್ತಲೂ 3 ಮಿಲಿಮೀಟರ್ ಹೆಚ್ಚು. ಮುದ್ರಣದಲ್ಲಿ ಹಸಿರು ಮಂಕಾಗುತ್ತದೆ, ಒಂದು ಪ್ರತಿ ತೆಗೆಸಿ ನೋಡದೆ ನೂರಕ್ಕೆ ಒಪ್ಪಬೇಡಿ.

ದಿನಗಳ ಲೆಕ್ಕವನ್ನು ಹಿಂದಿನಿಂದ ಹಾಕಿ. ಕವರ್ ಹೋಗುವುದು ಹಾಡಿನ ಜೊತೆ, ವಿಡಿಯೊದ ಜೊತೆ ಅಲ್ಲ. ಪ್ಲೇಲಿಸ್ಟ್‌ಗೆ ಪರಿಗಣಿಸಬೇಕಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಹಾಡು ತಮ್ಮ ಕೈಸೇರಿರಬೇಕು ಎನ್ನುತ್ತದೆ ಸ್ಪಾಟಿಫೈ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ನಡುವಿನ ವಿತರಕರಿಗೆ ಇನ್ನೊಂದು ವಾರ ಹಿಡಿಯಿರಿ. ಶೂಟಿಂಗ್ ಮುಗಿದ ಸಂಜೆಯೇ ಕವರಿನ ಕೆಲಸಕ್ಕೆ ಕುಳಿತರೆ ವಿಡಿಯೊ ಎಡಿಟಿಂಗ್‌ಗೆ ಆ ಎರಡು ವಾರ ಪೂರ್ತಿ ಸಿಗುತ್ತದೆ. ನಮಸ್ಕಾರ.