ಸೆರಗು ಹೊದ್ದ ಗಿಟಾರ್

ಸಂಗೀತದ ಗೆಳೆಯರೇ, ಮರಗೆಲಸ ಮತ್ತು ಪಾಲಿಶ್ ಬಲ್ಲ ಹಿರಿಯರೇ,

ಮೈಸೂರಿನ ಯಾವ ವೈಣಿಕರಾದರೂ ತಮ್ಮ ವೀಣೆಯ ಮೇಲ್ಹಲಗೆಗೆ ಬಟ್ಟೆ ಅಂಟಿಸುತ್ತೇನೆ ಎಂದು ಹೊರಟರೆ ನಾನು ಅಡ್ಡ ನಿಲ್ಲುತ್ತೇನೆ. ಆ ಹಲಗೆ ಕಂಪಿಸಿದರೆ ತಾನೇ ನಾದ? ಎಲೆಕ್ಟ್ರಿಕ್ ಗಿಟಾರಿನ ವಿಚಾರ ಬೇರೆ; ಅದಕ್ಕೆ ಬಟ್ಟೆ ಅಂಟಿಸುವ ಬಗೆಯನ್ನೇ ಇಂದು ಹೇಳಲಿದ್ದೇನೆ. ಅದರ ಬಾಡಿ ಸಾಮಾನ್ಯವಾಗಿ ಒಂದೂಮುಕ್ಕಾಲು ಅಂಗುಲ ದಪ್ಪದ ಗಟ್ಟಿ ಮರ. ಉಕ್ಕಿನ ತಂತಿ ಮಿಡಿದಾಗ ತಂತಿಯ ಕೆಳಗೆ ಕೂರುವ ಪಿಕಪ್ ಎಂಬ ಭಾಗದ ಅಯಸ್ಕಾಂತದ ಸುತ್ತಲಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಮರದ ಮೇಲೆ ತೆಳುವಾದ ಬಟ್ಟೆ ಕೂತರೆ ನಾದ ಕೆಡುವುದಿಲ್ಲ. ಹೀಗಿರುವಾಗ ರೇಷ್ಮೆಯ ಊರಿನವರಾದ ನಾವು ಅಂಗಡಿಯಿಂದ ತಂದ ಕಪ್ಪು ಗಿಟಾರನ್ನೇ ಏಕೆ ಹಿಡಿದು ಕೂರಬೇಕು?

ಇದನ್ನು ಮೊದಲು ದೊಡ್ಡದಾಗಿ ಮಾಡಿ ತೋರಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿಯವರು ಪ್ರಮುಖರು. 1968ರಲ್ಲಿ ಅವರು ಟೆಲಿಕಾಸ್ಟರ್ ಎಂಬ ತಮ್ಮ ಗಿಟಾರಿಗೂ, ಮಂದ್ರ ಸ್ವರದ ಗಿಟಾರಾದ ಟೆಲಿಕಾಸ್ಟರ್ ಬೇಸಿಗೂ ಗೋಡೆಗೆ ಅಂಟಿಸುವ ಚಿತ್ತಾರದ ಕಾಗದವನ್ನೇ ಹಚ್ಚಿ, ಅಂಚಿಗೆ ಬಣ್ಣ ಸಿಂಪಡಿಸಿ, ಮೇಲೆ ಪಾರದರ್ಶಕ ಲೇಪನ ಕೊಟ್ಟರು. ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿಯ ಹಿಂದೆ ನಿಂತು ಜೇಮ್ಸ್ ಬರ್ಟನ್ ನುಡಿಸಿದ ಗುಲಾಬಿ ಗಿಟಾರ್ ಅದೇ ಬಗೆಯದು. ಅದರ ಮೇಲಿದ್ದ ಚಿತ್ತಾರ ಪೈಸ್ಲಿ, ಅಂದರೆ ನಮ್ಮ ಸೀರೆಗಳ ಮಾವಿನಕಾಯಿ. ಕಾಶ್ಮೀರದ ಶಾಲಿನಿಂದ ಸ್ಕಾಟ್ಲೆಂಡಿನ ಮಗ್ಗಕ್ಕೆ, ಅಲ್ಲಿಂದ ಅಮೆರಿಕದ ಗಿಟಾರಿಗೆ ಹೋದ ಮಾವು ಅದು. ನಮ್ಮದೇ ಬಟ್ಟೆಯಲ್ಲಿ ಅದನ್ನು ಮತ್ತೆ ಗಿಟಾರಿನ ಮೇಲೆ ಕೂರಿಸಲು ಸಂಕೋಚವೇನೂ ಬೇಡ.

ಮೊದಲ ಪ್ರಯತ್ನಕ್ಕೆ ಅಚ್ಚಿನ ಹತ್ತಿ ಬಟ್ಟೆಯೇ ಸರಿ. ಒಗೆದು ಗಂಜಿ ತೆಗೆಯಿರಿ; ಬಣ್ಣ ಬಿಡುವುದಿದ್ದರೆ ಬಕೆಟ್ಟಿನಲ್ಲೇ ಬಿಡಲಿ. ಟೆಲಿಕಾಸ್ಟರಿನಂತೆ ಚಪ್ಪಟೆಯಾದ ಬಾಡಿಯನ್ನೇ ಆರಿಸಿ. ಹೊಟ್ಟೆಗೆ, ಮೊಣಕೈಗೆ ಒಗ್ಗಲೆಂದು ಫೆಂಡರಿನದೇ ಇನ್ನೊಂದು ಗಿಟಾರಾದ ಸ್ಟ್ರಾಟೊಕಾಸ್ಟರನ್ನು ಕೆತ್ತಿರುವ ಕಡೆ ಬಟ್ಟೆ ನೆರಿಗೆ ಕಟ್ಟುತ್ತದೆ. ದರ್ಜಿಗಳು ಕ್ರಾಸ್ ಎನ್ನುವಂತೆ ಓರೆಯಾಗಿ ಇಟ್ಟರೆ ಬಟ್ಟೆ ಹಿಗ್ಗಿ ಸ್ವಲ್ಪ ಮಣಿಯುತ್ತದೆ, ಆದರೆ ಪಟ್ಟಿಯ ವಿನ್ಯಾಸ ಸೊಟ್ಟಗಾಗುತ್ತದೆ.

ಇನ್ನು ಈ ಕೆಲಸದ ಜೀವಾಳಕ್ಕೆ ಬರುತ್ತೇನೆ. ಬರಿಯ ಮರದ ಮೇಲೆ ಬಟ್ಟೆ ಅಂಟಿಸಬೇಡಿ. ಒಣಗಿದ ಬಟ್ಟೆ ಎಷ್ಟೇ ದಟ್ಟವಾಗಿ ಕಂಡರೂ ಮೇಲೆ ಕೊಡುವ ಪಾರದರ್ಶಕ ಲೇಪನವಾದ ಲ್ಯಾಕರ್ ಕುಡಿದ ಕೂಡಲೇ ಎಳೆಗಳ ನಡುವಿನ ಗಾಳಿ ಹೋಗಿ ಅರೆಪಾರದರ್ಶಕವಾಗುತ್ತದೆ. ಎಣ್ಣೆ ಬಿದ್ದ ಕಾಗದದ ಹಾಗೆ ಹಿಂದಿನದೆಲ್ಲ ಮುಂದೆ ಕಾಣುತ್ತದೆ. ಮರದ ಕಂದು ಮೇಲೆದ್ದು ಹಳದಿ ಮಂಕಾಗುತ್ತದೆ, ಗುಲಾಬಿ ಕೊಳೆಯಾದಂತೆ ಕಾಣುತ್ತದೆ. ಆದ್ದರಿಂದ ಮರದ ರಂಧ್ರ ಮುಚ್ಚುವ ಸೀಲರ್ ಹಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ, ಅಪ್ಪಟ ಬಿಳಿಯ ಬಣ್ಣ ಬಳಿದು ಪೂರ್ತಿ ಒಣಗಿಸಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಬಟ್ಟೆ ಕೂರಿಸಿ. ಕತ್ತು ಕೂರುವ ಗುಳಿಯೊಳಗೆ ಮಾತ್ರ ಒಂದು ಎಳೆಯೂ ಹೋಗಬಾರದು. ಅಲ್ಲಿ ಸ್ವಲ್ಪ ದಪ್ಪವಾದರೂ ಕತ್ತಿನ ಓರೆ ಬದಲಾಗಿ ತಂತಿಯ ಎತ್ತರ ಏರುಪೇರಾಗುತ್ತದೆ.

ರೇಷ್ಮೆಯ ಬಗ್ಗೆ ಒಂದು ಕೋರಿಕೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ನಮ್ಮ ರೇಷ್ಮೆ ಕಾರ್ಖಾನೆಯ ಸೀರೆಯನ್ನು ಇದಕ್ಕಾಗಿ ಕತ್ತರಿಸಬೇಡಿ. ಉಡಲು ಬರುವ ಸೀರೆಗೆ ಕತ್ತರಿ ಹಾಕುವುದು ನನಗೆ ಒಪ್ಪುವ ಮಾತಲ್ಲ. ಒಡಲು ಹರಿದು, ಅಂಚು ಮತ್ತು ಸೆರಗು ಮಾತ್ರ ಗಟ್ಟಿಯಾಗಿ ಉಳಿದ ಸೀರೆ ಬಹಳ ಮನೆಗಳ ಪೆಟ್ಟಿಗೆಯಲ್ಲಿ ಇರುತ್ತದೆ. ಅದು ಬೇಸ್ ಗಿಟಾರಿನ ಅಗಲವಾದ ಬಾಡಿಗೆ ಹೇಳಿ ಮಾಡಿಸಿದಂತಿರುತ್ತದೆ. ತೆಳು ರೇಷ್ಮೆಯ ಮೇಲೆ ನೀರಿನ ಅಂಟು ಕಲೆ ಬಿಡುತ್ತದೆ, ಹಾಗಾಗಿ ಪಾರದರ್ಶಕ ಲ್ಯಾಕರಿನಲ್ಲೇ ಕೂರಿಸುವುದು ಕ್ಷೇಮ. ಬೆಳ್ಳಿಯ ಜರಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಪಿಕಪ್ಪಿಗೆ ಆತಂಕವಿಲ್ಲ. ಆದರೆ ಅದು ವಿದ್ಯುತ್ ಹರಿಸುವ ಲೋಹ. ಒಂದು ಜರಿಯ ಎಳೆ, ಆಂಪ್ಲಿಫೈಯರಿನ ವೈರು ಚುಚ್ಚುವ ಜ್ಯಾಕಿನ ಎರಡು ಕೊನೆಗಳನ್ನು ಮುಟ್ಟಿದರೆ ಸಾಕು, ಗಿಟಾರ್ ಮೂಕವಾಗುತ್ತದೆ. ಪಿಕಪ್, ಜ್ಯಾಕ್ ಕೂರುವ ಗುಳಿಗಳ ಸುತ್ತ ಜರಿಯನ್ನು ಒಂದಿಷ್ಟು ಹಿಂದಕ್ಕೇ ಕತ್ತರಿಸಿ ನಿಲ್ಲಿಸಿ.

ಮೇಲಿನ ಲೇಪನಕ್ಕೆ ತಾಳ್ಮೆ ಬೇಕು. ಬಟ್ಟೆಯ ಎಳೆಗಳ ಉಬ್ಬುತಗ್ಗು ಮುಚ್ಚುವವರೆಗೆ ತಿಕ್ಕಲೇಬಾರದು. ಬೇಗ ತಿಕ್ಕಿದರೆ ಎಳೆಯ ತಲೆ ಹಾರಿ ಬಿಳಿ ಚುಕ್ಕಿ ಉಳಿಯುತ್ತದೆ, ಅದನ್ನು ಸರಿಪಡಿಸುವ ದಾರಿ ಇಲ್ಲವೆಂದೇ ಹೇಳಬೇಕು. ಮುಂಗಾರಿನಲ್ಲಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೊಡೆಯಬೇಡಿ, ತೇವ ಹಿಡಿದು ಹಾಲಿನಂತೆ ಮಸುಕಾಗುತ್ತದೆ.

ಕೊನೆಗೆ ಸ್ಕ್ರೂಗಳು. ಬಟ್ಟೆಯ ಮೇಲೆ ನೇರವಾಗಿ ಡ್ರಿಲ್ ಇಟ್ಟರೆ ಎಳೆ ಅದಕ್ಕೆ ಸುತ್ತಿಕೊಂಡು ಗೇಣುದ್ದ ಕಿತ್ತು ಬರುತ್ತದೆ. ಮೊನಚಾದ ಬ್ಲೇಡಿನಿಂದ ಅಲ್ಲೊಂದು ಪುಟ್ಟ ವೃತ್ತ ಕೊಯ್ದು ತೆಗೆದು, ಮರ ಕಂಡ ಮೇಲೆ ತೂತು ಕೊರೆಯಿರಿ. ಮೇಜಿನ ಮೇಲೆ ಎರಡು ಮರದ ತುಂಡುಗಳಿವೆ: ಒಂದೇ ಬಟ್ಟೆ, ಒಂದರಲ್ಲಿ ಕೆಳಗೆ ಬಿಳಿ ಇದೆ, ಇನ್ನೊಂದರಲ್ಲಿ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ.